ಉಳಿತಾಯ ಖಾತೆಗೆ ಒಳ್ಳೆಯ ಬಡ್ಡಿ ಹುಡುಕುವುದು ಹೇಗೆ?

ನಮ್ಮಲ್ಲಿ ಬಹುಪಾಲು ಜನರ ಉಳಿತಾಯ ಖಾತೆ ಅವರು ನೋಡಿ, ತೂಗಿ ಆರಿಸಿಕೊಂಡದ್ದಲ್ಲ. ಕೆಲಸಕ್ಕೆ ಸೇರಿದಾಗ ಕಚೇರಿಯವರು ಹೇಳಿದ ಬ್ಯಾಂಕಿನಲ್ಲಿ ತೆರೆದದ್ದು, ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ್ದು, ಇಲ್ಲವೇ ಶಾಖೆ ಮನೆಗೆ ಹತ್ತಿರವಿದೆಯೆಂದು ಅಪ್ಪ ಮಾಡಿಸಿಕೊಟ್ಟದ್ದು. ಗೃಹಸಾಲದ ಬಡ್ಡಿಯಲ್ಲಿ ಕಾಲು ಪರ್ಸೆಂಟಿಗೂ ಚೌಕಾಸಿ ಮಾಡುವವರು ತಮ್ಮದೇ ಹಣಕ್ಕೆ ಬ್ಯಾಂಕು ಎಷ್ಟು ಬಡ್ಡಿ ಕೊಡುತ್ತಿದೆ ಎಂದು ವಿಚಾರಿಸುವುದು ಅಪರೂಪ. ಇದಕ್ಕೆ ಕಾರಣವೂ ಇದೆ. ಉಳಿತಾಯ ಖಾತೆಯ ದರವನ್ನು ಬಹುಕಾಲ ರಿಸರ್ವ್ ಬ್ಯಾಂಕೇ ನಿಗದಿ ಮಾಡುತ್ತಿತ್ತು. 2003ರಿಂದ ಅದು ಶೇ 3.5 ಇತ್ತು, 2011ರ ಮೇ ತಿಂಗಳಲ್ಲಿ ಶೇ 4 ಆಯಿತು. ಯಾವ ವಾಣಿಜ್ಯ ಬ್ಯಾಂಕಿಗೆ ಹೋದರೂ ಅದೇ ದರ ಸಿಗುತ್ತಿದ್ದ ಕಾಲದಲ್ಲಿ ಹುಡುಕಾಟಕ್ಕೆ ಅರ್ಥವೇ ಇರಲಿಲ್ಲ. 2011ರ ಅಕ್ಟೋಬರ್ 25ರಂದು ರಿಸರ್ವ್ ಬ್ಯಾಂಕ್ ಈ ನಿಯಂತ್ರಣವನ್ನು ತೆಗೆದುಹಾಕಿತು. ಅಂದಿನಿಂದ ದರ ಆಯಾ ಬ್ಯಾಂಕಿನ ನಿರ್ಧಾರಕ್ಕೆ ಬಿಟ್ಟದ್ದು. ನಮ್ಮ ಅಭ್ಯಾಸ ಮಾತ್ರ ಹಳೆಯ ಕಾಲದ್ದೇ ಉಳಿದಿದೆ.

ಈಗಿನ ಅಂತರ ಸಣ್ಣದಲ್ಲ. 2025ರ ಜೂನ್‌ನಲ್ಲಿ ಸ್ಟೇಟ್ ಬ್ಯಾಂಕ್ ಉಳಿತಾಯ ಖಾತೆಯ ದರವನ್ನು ಎಲ್ಲ ಮೊತ್ತಕ್ಕೂ ಶೇ 2.5ಕ್ಕೆ ಇಳಿಸಿತು, ಎಚ್‌ಡಿಎಫ್‌ಸಿ ಮತ್ತು ಐಸಿಐಸಿಐ ಬ್ಯಾಂಕುಗಳೂ ಅದೇ ತಿಂಗಳು ಅದೇ ದರಕ್ಕೆ ಬಂದವು. ಇನ್ನೊಂದು ಕಡೆ ಕೆಲವು ಸ್ಮಾಲ್ ಫೈನಾನ್ಸ್ ಬ್ಯಾಂಕುಗಳು, ಅಂದರೆ ಮುಖ್ಯವಾಗಿ ಸಣ್ಣ ಸಾಲಗಾರರಿಗೆಂದೇ ಪರವಾನಗಿ ಪಡೆದ ಬ್ಯಾಂಕುಗಳು, ಶೇ 7ರ ಆಸುಪಾಸಿನ ದರವನ್ನು ದಪ್ಪ ಅಕ್ಷರಗಳಲ್ಲಿ ಪ್ರಕಟಿಸುತ್ತವೆ. ಹಾಗೆಂದು ಹೆಚ್ಚು ದರ ಕಂಡಲ್ಲಿಗೆ ಹಣವನ್ನೆಲ್ಲ ಹೊತ್ತೊಯ್ಯುವುದು ಸರಿಯಾದ ದಾರಿಯಲ್ಲ. ಜಾಹೀರಾತಿನ ದರ ಬೇರೆ, ನಿಮ್ಮ ಖಾತೆಯಲ್ಲಿರುವ ಮೊತ್ತಕ್ಕೆ ವರ್ಷದ ಕೊನೆಗೆ ನಿಜವಾಗಿ ಜಮಾ ಆಗುವ ರೂಪಾಯಿ ಬೇರೆ. ಎರಡನೆಯದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ನಿಮ್ಮ ಪಾಸ್‌ಬುಕ್ ನೋಡಿ

ಬ್ಯಾಂಕುಗಳ ದರ ಹೋಲಿಸುವ ಮುನ್ನ ಕಳೆದ ಆರು ತಿಂಗಳ ಪಾಸ್‌ಬುಕ್ ಅಥವಾ ಸ್ಟೇಟ್‌ಮೆಂಟನ್ನು ಮುಂದಿಟ್ಟುಕೊಂಡು, ಪ್ರತಿ ತಿಂಗಳು ಖಾತೆಯ ಶಿಲ್ಕು ಇಳಿದ ಅತಿ ಕೆಳಗಿನ ಮಟ್ಟವನ್ನು ಗುರುತು ಮಾಡಿಕೊಳ್ಳಿ. ಆರೂ ತಿಂಗಳಲ್ಲಿ ಯಾವ ಮೊತ್ತಕ್ಕಿಂತ ಕೆಳಗೆ ನೀವು ಇಳಿದೇ ಇಲ್ಲವೋ ಅದು ಖಾತೆಯಲ್ಲಿ ಸುಮ್ಮನೆ ಕುಳಿತಿರುವ ಹಣ. ಅದರ ಮೇಲಿನದು ಸಂಬಳವಾಗಿ ಬಂದು ಬಾಡಿಗೆ, ದಿನಸಿ, ಕಂತುಗಳಾಗಿ ಹರಿದುಹೋಗುವ ಹಣ. ಒಳ್ಳೆಯ ಬಡ್ಡಿಯ ಪ್ರಶ್ನೆ ಮುಖ್ಯವಾಗಿ ಏಳುವುದು ಮೊದಲನೆಯದರ ವಿಷಯದಲ್ಲಿ.

ಹೀಗೆ ಹೇಳಲು ಲೆಕ್ಕವೇ ಆಧಾರ. 2010ರ ಏಪ್ರಿಲ್ 1ರಿಂದ ಬ್ಯಾಂಕುಗಳು ಉಳಿತಾಯ ಖಾತೆಯ ಬಡ್ಡಿಯನ್ನು ಪ್ರತಿದಿನದ ಶಿಲ್ಕಿನ ಮೇಲೆ ಲೆಕ್ಕ ಹಾಕುತ್ತವೆ. ದಿನದ ಕೊನೆಯ ಶಿಲ್ಕನ್ನು ದರದಿಂದ ಗುಣಿಸಿ 365ರಿಂದ ಭಾಗಿಸಿದರೆ ಆ ದಿನದ ಬಡ್ಡಿ ಸಿಗುತ್ತದೆ. ಇದನ್ನು ಕೂಡಿಸಿ ಮೂರು ತಿಂಗಳಿಗೊಮ್ಮೆಯಾದರೂ ಖಾತೆಗೆ ಜಮಾ ಮಾಡಬೇಕು. ಶೇ 2.5ರ ದರದಲ್ಲಿ 60,000 ರೂಪಾಯಿ ಹತ್ತು ದಿನ ಖಾತೆಯಲ್ಲಿದ್ದರೆ ಬರುವ ಬಡ್ಡಿ ಸುಮಾರು 41 ರೂಪಾಯಿ. ಒಂದನೇ ತಾರೀಖು ಸಂಬಳ ಬಂದು ಇಪ್ಪತ್ತರ ಹೊತ್ತಿಗೆ ಖಾಲಿಯಾಗುವ ಖಾತೆಯ ವರ್ಷದ ಸರಾಸರಿ ಶಿಲ್ಕು 18,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 2.5ರಲ್ಲಿ ವರ್ಷಕ್ಕೆ 450 ರೂಪಾಯಿ ಬಡ್ಡಿ, ಶೇ 7 ಸಿಕ್ಕರೂ 1,260 ರೂಪಾಯಿ. ವರ್ಷಕ್ಕೆ 810 ರೂಪಾಯಿಗಾಗಿ ಸಂಬಳದ ಖಾತೆ ಬದಲಿಸಿ, ಸಾಲದ ಕಂತು, ವಿಮೆಯ ಪ್ರೀಮಿಯಂ, ವಿದ್ಯುತ್ ಬಿಲ್ಲುಗಳ ಸ್ವಯಂಪಾವತಿಗಳನ್ನೆಲ್ಲ ಹೊಸದಾಗಿ ನೋಂದಾಯಿಸುವ ಶ್ರಮ ಪಡಬೇಕೇ ಎಂಬುದು ನಿಮಗೆ ಬಿಟ್ಟದ್ದು. ನನ್ನ ಸಲಹೆ ಬೇಡವೆಂದೇ. ಅದೇ 3 ಲಕ್ಷ ರೂಪಾಯಿ ಆಪತ್ಕಾಲಕ್ಕೆಂದು ಖಾತೆಯಲ್ಲಿ ಕುಳಿತಿದ್ದರೆ ಮಾತು ಬೇರೆ. ಆ ಹಣಕ್ಕೆ ಇನ್ನೊಂದು ಖಾತೆ ತೆರೆಯುವುದು ಖಂಡಿತ ಯೋಗ್ಯ.

ಜಾಹೀರಾತಿನ ದರ ಯಾವ ಹಣಕ್ಕೆ?

ಓದುಗರು ಅತಿ ಹೆಚ್ಚು ಗಮನ ಕೊಡಬೇಕಾದ ಭಾಗ ಇದು. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 1 ಲಕ್ಷ ರೂಪಾಯಿವರೆಗಿನ ಶಿಲ್ಕಿಗೆ ಒಂದು ಬ್ಯಾಂಕು ಒಂದೇ ಸಮನಾದ ದರ ಕೊಡಬೇಕು. ಅದಕ್ಕಿಂತ ಮೇಲಿನ ಶಿಲ್ಕಿಗೆ ಬೇರೆ ಬೇರೆ ದರ ನಿಗದಿ ಮಾಡಬಹುದು. ಈ ಅವಕಾಶವನ್ನು ಬಳಸಿಕೊಂಡು ಹೆಚ್ಚು ಬಡ್ಡಿ ಕೊಡುವ ಬ್ಯಾಂಕುಗಳು ಸಾಮಾನ್ಯವಾಗಿ ದರವನ್ನು ಹಂತಗಳಲ್ಲಿ, ಅಂದರೆ ಸ್ಲ್ಯಾಬುಗಳಲ್ಲಿ, ಇಡುತ್ತವೆ. ಜಾಹೀರಾತಿನಲ್ಲಿ ಕಾಣುವುದು ಮೇಲಿನ ಹಂತದ ದರ. ಬಹಳಷ್ಟು ಬ್ಯಾಂಕುಗಳಲ್ಲಿ ಆ ದರ ಇಡೀ ಮೊತ್ತಕ್ಕೆ ಅನ್ವಯಿಸುವುದಿಲ್ಲ. ಆ ಹಂತದೊಳಗೆ ಬೀಳುವ ಭಾಗಕ್ಕೆ ಮಾತ್ರ, ಆದಾಯ ತೆರಿಗೆಯ ಸ್ಲ್ಯಾಬಿನಂತೆಯೇ, ಅನ್ವಯಿಸುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ಲೆಕ್ಕ ಹಾಕಿ ನೋಡೋಣ. ಮೊದಲ ಬ್ಯಾಂಕು 1 ಲಕ್ಷದವರೆಗೆ ಶೇ 3, 1ರಿಂದ 5 ಲಕ್ಷದವರೆಗಿನ ಭಾಗಕ್ಕೆ ಶೇ 5, 5 ಲಕ್ಷದ ಮೇಲಿನ ಭಾಗಕ್ಕೆ ಶೇ 7 ಕೊಡುತ್ತದೆ. ಅದರ ಫಲಕದ ಮೇಲೆ ಇರುವುದು ‘ಶೇ 7ರವರೆಗೆ’ ಎಂಬ ಮಾತು. ಎರಡನೆಯ ಬ್ಯಾಂಕು ಎಲ್ಲ ಮೊತ್ತಕ್ಕೂ ಶೇ 4.5 ಕೊಡುತ್ತದೆ. ನಿಮ್ಮಲ್ಲಿ 80,000 ರೂಪಾಯಿ ಇದ್ದರೆ ಮೊದಲ ಬ್ಯಾಂಕಿನಲ್ಲಿ ವರ್ಷಕ್ಕೆ 2,400, ಎರಡನೆಯದರಲ್ಲಿ 3,600 ರೂಪಾಯಿ ಬರುತ್ತದೆ. 3 ಲಕ್ಷವಿದ್ದರೆ ಮೊದಲನೆಯದರಲ್ಲಿ 3,000 ಮತ್ತು 10,000 ಸೇರಿ 13,000, ಎರಡನೆಯದರಲ್ಲಿ 13,500. ಎರಡೂ ಸಮನಾಗುವುದು 4 ಲಕ್ಷದಲ್ಲಿ. ಅಲ್ಲಿ ಎರಡೂ ಕಡೆ 18,000 ರೂಪಾಯಿ. 6 ಲಕ್ಷವಿದ್ದರೆ ಮೊದಲ ಬ್ಯಾಂಕು 30,000, ಎರಡನೆಯದು 27,000 ಕೊಡುತ್ತದೆ. ಅಂದರೆ 6 ಲಕ್ಷ ಇಟ್ಟ ಮೇಲೂ ‘ಶೇ 7’ರ ಬ್ಯಾಂಕಿನಲ್ಲಿ ನಿಮ್ಮ ಕೈಗೆ ಸಿಗುವ ಸರಾಸರಿ ದರ ಶೇ 5 ಮಾತ್ರ.

ಆದ್ದರಿಂದ ಬ್ಯಾಂಕಿನ ಜಾಲತಾಣದ ಮುಖಪುಟದಲ್ಲಿ ನಿಲ್ಲದೆ, ಬಡ್ಡಿ ದರಗಳ ಪುಟದಲ್ಲಿರುವ ಕೋಷ್ಟಕವನ್ನು ತೆರೆದು, ಅದರ ಕೆಳಗಿನ ಸಣ್ಣ ಅಕ್ಷರಗಳ ಟಿಪ್ಪಣಿಯನ್ನು ಓದಬೇಕು. ದರ ಹಂತದ ಭಾಗಕ್ಕೋ ಇಡೀ ಶಿಲ್ಕಿಗೋ ಎಂಬುದೂ, ದರ ಜಾರಿಗೆ ಬಂದ ದಿನಾಂಕವೂ ಅಲ್ಲೇ ಇರುತ್ತದೆ. ದರಗಳನ್ನು ಪಟ್ಟಿ ಮಾಡಿಕೊಡುವ ಬೇರೆ ತಾಣಗಳು ಹಲವು ಇವೆ. ಅವುಗಳ ಅಂಕಿಗಳು ಹಳೆಯದಾಗಿರುವ ಸಾಧ್ಯತೆ ಹೆಚ್ಚಾದ್ದರಿಂದ ಯಾವ ಬ್ಯಾಂಕುಗಳನ್ನು ನೋಡಬೇಕೆಂದು ತಿಳಿಯಲು ಮಾತ್ರ ಅವನ್ನು ಬಳಸಿ, ದರವನ್ನು ಬ್ಯಾಂಕಿನ ಪುಟದಲ್ಲೇ ಖಚಿತಪಡಿಸಿಕೊಳ್ಳಿ.

‘ಪ್ರತಿ ತಿಂಗಳು ಬಡ್ಡಿ ಜಮಾ’ ಎಂಬ ಆಕರ್ಷಣೆಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಶೇ 7ರ ದರದಲ್ಲಿ 1 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ ಜಮಾ ಆದರೆ ವರ್ಷಕ್ಕೆ 7,186 ರೂಪಾಯಿ, ಪ್ರತಿ ತಿಂಗಳು ಜಮಾ ಆದರೆ 7,229 ರೂಪಾಯಿ. ವ್ಯತ್ಯಾಸ 43 ರೂಪಾಯಿ.

ಬಂದ ಬಡ್ಡಿಯನ್ನು ತಿನ್ನುವ ಶುಲ್ಕಗಳು

ಹೆಚ್ಚು ದರದ ಖಾತೆಗೆ ಕೆಲವೊಮ್ಮೆ ಹೆಚ್ಚಿನ ಕನಿಷ್ಠ ಶಿಲ್ಕಿನ ಷರತ್ತು ಇರುತ್ತದೆ. ಇಲ್ಲಿ ಹೇಳುವ ಕನಿಷ್ಠ ಶಿಲ್ಕು ಬಹುತೇಕ ತಿಂಗಳ ಸರಾಸರಿ. ತಿಂಗಳ ಎಲ್ಲ ದಿನಗಳ ಕೊನೆಯ ಶಿಲ್ಕನ್ನು ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸುತ್ತಾರೆ. 10,000 ರೂಪಾಯಿ ಸರಾಸರಿ ಬೇಕಾದ ಖಾತೆಯಲ್ಲಿ ಹದಿನೈದು ದಿನ 20,000 ಇದ್ದು ಉಳಿದ ಹದಿನೈದು ದಿನ ಏನೂ ಇಲ್ಲದಿದ್ದರೂ ಷರತ್ತು ಪೂರೈಸಿದಂತೆಯೇ. ಇದು ತಿಳಿಯದೆ ಅನೇಕರು ಒಂದು ದಿನ ಶಿಲ್ಕು ಕಡಿಮೆಯಾದರೂ ದಂಡ ಬೀಳುತ್ತದೆಂದು ಭಾವಿಸಿ, ಆ ಹಣವನ್ನು ಮುಟ್ಟದೆ ಇಟ್ಟುಕೊಂಡು, ತುರ್ತಿಗೆ ಕೈಸಾಲ ಮಾಡುತ್ತಾರೆ. ದಂಡ ವಿಧಿಸುವುದಾದರೂ ಅದು ಕೊರತೆಯಾದ ಮೊತ್ತಕ್ಕೆ ಅನುಗುಣವಾಗಿರಬೇಕು, ಮುಂಚಿತವಾಗಿ ತಿಳಿಸಿರಬೇಕು, ದಂಡದ ಕಾರಣದಿಂದಲೇ ಖಾತೆ ಋಣಾತ್ಮಕವಾಗುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಸ್ಟೇಟ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಕನಿಷ್ಠ ಶಿಲ್ಕಿನ ಷರತ್ತನ್ನು ಕೈಬಿಟ್ಟಿತು. ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ ಎಲ್ಲ ಉಳಿತಾಯ ಖಾತೆಗಳ ಮೇಲಿನ ಈ ದಂಡವನ್ನು ತೆಗೆಯಿತು. ದರ ಕಡಿಮೆಯಿದ್ದರೂ ಸಣ್ಣ ಮೊತ್ತದ ಖಾತೆಗೆ ಇಂಥ ಬ್ಯಾಂಕುಗಳೇ ಲಾಭದಾಯಕವಾಗುವುದುಂಟು.

ಇದರ ಜೊತೆಗೆ ಡೆಬಿಟ್ ಕಾರ್ಡಿನ ವಾರ್ಷಿಕ ಶುಲ್ಕ, ಎಸ್ಎಂಎಸ್ ಶುಲ್ಕ, ಚೆಕ್‌ಬುಕ್, ಮಿತಿ ಮೀರಿದ ಎಟಿಎಂ ಬಳಕೆ ಇವುಗಳ ಪಟ್ಟಿಯನ್ನೂ ನೋಡಿ. ಕಾರ್ಡಿಗೆ ವರ್ಷಕ್ಕೆ 250 ರೂಪಾಯಿ ಎಂದರೆ ಶೇ 18 ಜಿಎಸ್‌ಟಿ ಸೇರಿ 295 ರೂಪಾಯಿ. ಉಚಿತ ಮಿತಿ ಮುಗಿದ ಮೇಲೆ ಎಟಿಎಂನಿಂದ ಹಣ ತೆಗೆದರೆ 2025ರ ಮೇ 1ರಿಂದ ಪ್ರತಿ ಸಲಕ್ಕೆ 23 ರೂಪಾಯಿವರೆಗೆ ಹಾಕಬಹುದು. ಆಪತ್ಕಾಲದ ಹಣಕ್ಕೆಂದೇ ತೆರೆದ ಖಾತೆಗೆ ದುಬಾರಿ ಕಾರ್ಡಿನ ಅಗತ್ಯವಿಲ್ಲ. ಖಾತೆ ತೆರೆಯುವಾಗಲೇ ಶುಲ್ಕವಿಲ್ಲದ ಕಾರ್ಡನ್ನು ಕೇಳಿ ಪಡೆಯಿರಿ.

ಹಣ ಎಷ್ಟು ಭದ್ರ?

ದರದಷ್ಟೇ ಗಟ್ಟಿಯಾಗಿ ಕೇಳಬೇಕಾದ ಪ್ರಶ್ನೆ ಇದು. ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮ, ಅಂದರೆ ಡಿಐಸಿಜಿಸಿ, ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಎರಡೂ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆ ಕೊಡುತ್ತದೆ. 2020ರ ಫೆಬ್ರುವರಿ 4ಕ್ಕೆ ಮುನ್ನ ಈ ಮಿತಿ 1 ಲಕ್ಷವಾಗಿತ್ತು. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ನಿಮ್ಮ ಹೆಸರಿನಲ್ಲಿರುವ ಉಳಿತಾಯ ಖಾತೆ, ಎಫ್‌ಡಿ, ಆರ್‌ಡಿ ಎಲ್ಲವನ್ನೂ ಒಟ್ಟಿಗೆ ಕೂಡಿಸಿ ಈ ಮಿತಿಯನ್ನು ಲೆಕ್ಕ ಹಾಕುತ್ತಾರೆ. ಗಂಡ ಹೆಂಡತಿಯ ಜಂಟಿ ಖಾತೆ ಬೇರೆ ಲೆಕ್ಕಕ್ಕೆ ಬರುತ್ತದೆ. ದೊಡ್ಡ ರಾಷ್ಟ್ರೀಕೃತ ಬ್ಯಾಂಕಿಗೂ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೂ ನಗರ ಸಹಕಾರ ಬ್ಯಾಂಕಿಗೂ ವಿಮೆಯ ಮಿತಿ ಒಂದೇ. ಹೀಗಾಗಿ ಬೆಂಗಳೂರಿನಲ್ಲೇ ಮುಖ್ಯ ಕಚೇರಿಯಿರುವ ಉಜ್ಜೀವನ್, ಜನ ಮುಂತಾದ ಸ್ಮಾಲ್ ಫೈನಾನ್ಸ್ ಬ್ಯಾಂಕುಗಳಲ್ಲಿ 5 ಲಕ್ಷದೊಳಗೆ ಹಣ ಇಡಲು ವಿಪರೀತ ಹೆದರಬೇಕಾಗಿಲ್ಲ. ಈಗ ಮೇಲಿನ ಉದಾಹರಣೆಗೆ ಮರಳಿ ನೋಡಿ: ಶೇ 7ರ ಹಂತ ಆರಂಭವಾಗುವುದೇ 5 ಲಕ್ಷ ದಾಟಿದ ಮೇಲೆ, ಅಂದರೆ ವಿಮೆಯ ರಕ್ಷಣೆ ಮುಗಿಯುವ ಗಡಿಯಿಂದ ಆಚೆಗೆ. ಇಂಥ ಖಾತೆಯಲ್ಲಿ ಮೇಲಿನ ದರದ ಆಸೆಗೆ ಮೊತ್ತ ಹೆಚ್ಚಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಬಡ್ಡಿ ಸೇರಿದರೂ ಮಿತಿ ದಾಟದಂತೆ ನಾಲ್ಕೂವರೆ ಲಕ್ಷದ ಆಸುಪಾಸಿಗೆ ನಿಲ್ಲಿಸಿ, ಉಳಿದದ್ದನ್ನು ಇನ್ನೊಂದು ಬ್ಯಾಂಕಿಗೆ ಹಾಕುವುದು ಮೇಲು.

ಕರ್ನಾಟಕದ ಓದುಗರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಒಂದು ವಿಷಯವಿದೆ. ನಮ್ಮ ಊರೂರಲ್ಲಿ ಪತ್ತಿನ ಸಹಕಾರ ಸಂಘಗಳೂ, 1997ರ ಸೌಹಾರ್ದ ಸಹಕಾರಿ ಕಾಯ್ದೆಯಡಿ ನೋಂದಾಯಿತವಾದ ಸೌಹಾರ್ದ ಸಹಕಾರಿಗಳೂ ಇವೆ. ಅವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಬಹಳ. ಬ್ಯಾಂಕುಗಳಿಗಿಂತ ಹೆಚ್ಚು ಬಡ್ಡಿಯನ್ನೂ ಕೊಡುತ್ತವೆ. ಆದರೆ ರಿಸರ್ವ್ ಬ್ಯಾಂಕಿನ ಪರವಾನಗಿ ಇಲ್ಲದ ಸಂಘದ ಠೇವಣಿಗೆ ಡಿಐಸಿಜಿಸಿ ವಿಮೆ ಇಲ್ಲ. ಗುಮಾಸ್ತರು ಪರಿಚಯದವರು, ಅಧ್ಯಕ್ಷರು ನಮ್ಮ ಬೀದಿಯವರು ಎಂಬ ವಿಶ್ವಾಸದಿಂದ ವಿಮೆಯ ಜಾಗ ತುಂಬುವುದಿಲ್ಲ. ಸಂಸ್ಥೆಯ ಹೆಸರು ಡಿಐಸಿಜಿಸಿ ಜಾಲತಾಣದಲ್ಲಿರುವ ವಿಮೆಗೊಳಪಟ್ಟ ಬ್ಯಾಂಕುಗಳ ಪಟ್ಟಿಯಲ್ಲಿದೆಯೇ ಎಂದು ಹುಡುಕಲು ಎರಡು ನಿಮಿಷ ಸಾಕು. ವಿಮೆ ಇದ್ದರೂ ತೊಂದರೆ ಬಂದಾಗ ಹಣ ಮರುದಿನವೇ ಕೈಗೆ ಸಿಗುವುದಿಲ್ಲ ಎಂಬುದನ್ನೂ ನೆನಪಿಡಬೇಕು. 2020ರ ಜನವರಿಯಲ್ಲಿ ಬೆಂಗಳೂರಿನ ಸಹಕಾರ ಬ್ಯಾಂಕೊಂದರ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿದಾಗ ಗ್ರಾಹಕರು ತೆಗೆಯಬಹುದಾಗಿದ್ದುದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣವನ್ನೆಲ್ಲ ಅಲ್ಲೇ ಇಟ್ಟಿದ್ದ ಹಿರಿಯರು ಶಾಖೆಯ ಮುಂದೆ ಸಾಲುಗಟ್ಟಬೇಕಾಯಿತು. 2021ರ ತಿದ್ದುಪಡಿಯಿಂದಾಗಿ ಈಗ ಇಂಥ ನಿರ್ಬಂಧ ಬಿದ್ದರೆ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕೆಂಬ ನಿಯಮವಿದೆ. ಆ ಮೂರು ತಿಂಗಳ ಖರ್ಚು ಇನ್ನೊಂದು ಬ್ಯಾಂಕಿನಲ್ಲಿ ಇರಲೇಬೇಕು.

ಅಂಚೆ ಕಚೇರಿಯ ಶೇ 4

ಅಂಚೆ ಕಚೇರಿಯ ಉಳಿತಾಯ ಖಾತೆಯ ದರ 2011ರ ಡಿಸೆಂಬರ್‌ನಿಂದ ಶೇ 4ರಲ್ಲೇ ನಿಂತಿದೆ. 500 ರೂಪಾಯಿಯಿಂದ ತೆರೆಯಬಹುದು. ಹಿಂದೆ ನಿಂತಿರುವುದು ಕೇಂದ್ರ ಸರ್ಕಾರ. ದೊಡ್ಡ ಬ್ಯಾಂಕುಗಳ ಶೇ 2.5ರ ಮುಂದೆ ಇದು ಚೆನ್ನಾಗಿಯೇ ಕಾಣುತ್ತದೆ, ಆದರೆ ಇಲ್ಲಿ ಲೆಕ್ಕದ ಕ್ರಮ ಬೇರೆ. ತಿಂಗಳ 10ನೇ ತಾರೀಖಿನಿಂದ ಕೊನೆಯ ದಿನದವರೆಗೆ ಇದ್ದ ಅತಿ ಕಡಿಮೆ ಶಿಲ್ಕಿಗೆ ಮಾತ್ರ ಬಡ್ಡಿ. 1 ಲಕ್ಷ ರೂಪಾಯಿಯನ್ನು 12ನೇ ತಾರೀಖು ಕಟ್ಟಿದರೆ ಆ ತಿಂಗಳ 333 ರೂಪಾಯಿ ಹೋದಂತೆಯೇ. 28ಕ್ಕೆ ತೆಗೆದರೂ ಹಾಗೆಯೇ. ಹಣ ಹಾಕುವುದಾದರೆ 10ರೊಳಗೆ, ತೆಗೆಯುವುದಾದರೆ ತಿಂಗಳು ಮುಗಿದ ಮೇಲೆ ಎಂಬ ಶಿಸ್ತು ಇರುವವರಿಗೆ ಇದು ಒಳ್ಳೆಯ ಖಾತೆ. ಅದೇ ಕೌಂಟರಿನಲ್ಲಿ ಸಿಗುವ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಖಾತೆ ಬೇರೆಯದು, ಅದರ ದರವೂ ಬೇರೆ. ಅರ್ಜಿ ತುಂಬುವಾಗ ಯಾವುದಕ್ಕೆ ಸಹಿ ಹಾಕುತ್ತಿದ್ದೀರಿ ಎಂದು ಕೇಳಿಕೊಳ್ಳಿ.

ಖಾತೆ ಬದಲಿಸದೆಯೇ ಹೆಚ್ಚು ಬಡ್ಡಿ

ನನ್ನ ಪರಿಚಯದ ನಿವೃತ್ತ ಶಿಕ್ಷಕಿಯೊಬ್ಬರು ಗ್ರಾಚ್ಯುಟಿಯ ಹಣವನ್ನು ಪಿಂಚಣಿ ಖಾತೆಯಲ್ಲಿಯೇ ಬಿಟ್ಟಿದ್ದರು. ಮೊಣಕಾಲಿನ ಶಸ್ತ್ರಚಿಕಿತ್ಸೆ ಯಾವಾಗ ಬೇಕಾದರೂ ಬರಬಹುದು, ಎಫ್‌ಡಿ ಮಾಡಿದರೆ ಹಣ ಸಿಕ್ಕಿಬೀಳುತ್ತದೆ ಎಂಬುದು ಅವರ ಅಂಜಿಕೆ. ಹೊಸ ಬ್ಯಾಂಕಿಗೆ ಹೋಗಲು ಅವರಿಗೆ ಮನಸ್ಸಿರಲಿಲ್ಲ. ಅವರ ಬ್ಯಾಂಕಿನಲ್ಲೇ ಆಟೊ ಸ್ವೀಪ್ ಸೌಲಭ್ಯವಿತ್ತು, ಯಾರೂ ಹೇಳಿರಲಿಲ್ಲ. ಒಂದು ಅರ್ಜಿ ಕೊಟ್ಟ ಮೇಲೆ ಗೊತ್ತುಪಡಿಸಿದ ಮೊತ್ತಕ್ಕಿಂತ ಹೆಚ್ಚಿನ ಶಿಲ್ಕು ತಾನಾಗಿಯೇ ಎಫ್‌ಡಿಯಾಗಿ ಮಾರ್ಪಟ್ಟಿತು. ಆಸ್ಪತ್ರೆಗೆ ಹಣ ಬೇಕಾದಾಗ ಬೇಕಾದಷ್ಟು ಭಾಗ ಮಾತ್ರ ಮುರಿದು ಖಾತೆಗೆ ಬಂತು, ಉಳಿದದ್ದು ಎಫ್‌ಡಿಯ ದರದಲ್ಲೇ ಮುಂದುವರಿಯಿತು. ಸ್ಟೇಟ್ ಬ್ಯಾಂಕಿನಲ್ಲಿ ಇದನ್ನು ಮಲ್ಟಿ ಆಪ್ಷನ್ ಡೆಪಾಸಿಟ್ ಎಂದು ಕರೆಯುತ್ತಾರೆ, ಬೇರೆ ಬ್ಯಾಂಕುಗಳಲ್ಲಿ ಬೇರೆ ಹೆಸರುಗಳಿವೆ.

ಶಾಖೆಯಲ್ಲಿ ಮೂರು ಪ್ರಶ್ನೆ ಕೇಳಿ: ಎಷ್ಟು ಮೊತ್ತದ ಮೇಲಿನದು ಎಫ್‌ಡಿಗೆ ಹೋಗುತ್ತದೆ, ಅದರ ಅವಧಿ ಎಷ್ಟು, ಅವಧಿಗೆ ಮುನ್ನ ಮುರಿದರೆ ದರ ಎಷ್ಟು ಕಡಿಮೆಯಾಗುತ್ತದೆ. ಏಳು ದಿನ ತುಂಬುವ ಮೊದಲೇ ಮುರಿದ ಎಫ್‌ಡಿಗೆ ಬಡ್ಡಿ ಇರುವುದಿಲ್ಲವಾದ್ದರಿಂದ ವಾರವಾರವೂ ಹಣ ತೆಗೆಯುವ ಖಾತೆಗೆ ಸ್ವೀಪ್ ಹೊಂದುವುದಿಲ್ಲ.

ತೆರಿಗೆಯ ವಿಷಯದಲ್ಲೂ ಉಳಿತಾಯ ಖಾತೆಯ ಬಡ್ಡಿಗೂ ಸ್ವೀಪ್‌ನ ಬಡ್ಡಿಗೂ ವ್ಯತ್ಯಾಸವಿದೆ. ಉಳಿತಾಯ ಖಾತೆಯ ಬಡ್ಡಿಯಿಂದ ಬ್ಯಾಂಕು ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆಯನ್ನು, ಕಡಿಯುವುದಿಲ್ಲ, ಆದರೂ ಅದು ನಿಮ್ಮ ಆದಾಯವೇ, ರಿಟರ್ನ್ಸ್‌ನಲ್ಲಿ ತೋರಿಸಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ವರ್ಷಕ್ಕೆ 10,000 ರೂಪಾಯಿವರೆಗಿನ ಉಳಿತಾಯ ಖಾತೆಯ ಬಡ್ಡಿಗೆ ಕಡಿತ ಸಿಗುತ್ತದೆ. ಹಿರಿಯ ನಾಗರಿಕರಿಗೆ ಎಫ್‌ಡಿ ಬಡ್ಡಿಯೂ ಸೇರಿ 50,000 ರೂಪಾಯಿವರೆಗೆ. ಹೊಸ ಪದ್ಧತಿಯಲ್ಲಿ ಈ ಎರಡೂ ಇಲ್ಲ. ಸ್ವೀಪ್‌ನಿಂದ ಬಂದ ಬಡ್ಡಿ ಎಫ್‌ಡಿ ಬಡ್ಡಿಯೆಂದೇ ಪರಿಗಣಿತವಾಗುವುದರಿಂದ, ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 50,000 ರೂಪಾಯಿ, ಹಿರಿಯರಿಗಾದರೆ 1 ಲಕ್ಷ, ದಾಟಿದಾಗ ಟಿಡಿಎಸ್ ಬೀಳುತ್ತದೆ. ವಿದೇಶದಲ್ಲಿರುವ ಕನ್ನಡಿಗರು ಎನ್‌ಆರ್‌ಇ (ವಿದೇಶದ ಗಳಿಕೆಗೆ) ಮತ್ತು ಎನ್‌ಆರ್‌ಒ (ಭಾರತದಲ್ಲಿನ ಆದಾಯಕ್ಕೆ) ಖಾತೆಗಳನ್ನು ದರ ನೋಡಿ ಮಾತ್ರ ಹೋಲಿಸಬಾರದು. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಎನ್‌ಆರ್‌ಒ ಬಡ್ಡಿಯಿಂದ ಶೇ 30ಕ್ಕೂ ಮಿಕ್ಕಿ ಟಿಡಿಎಸ್ ಕಡಿಯುತ್ತಾರೆ.

ಖಾತೆ ತೆರೆದ ಮೇಲೆ

ಹೊಸ ಖಾತೆಯನ್ನು ಈಗ ಮನೆಯಿಂದಲೇ ವಿಡಿಯೊ ಕೆವೈಸಿ ಮೂಲಕ ತೆರೆಯಬಹುದು. ಆಧಾರ್, ಮೂಲ ಪ್ಯಾನ್ ಕಾರ್ಡ್, ಒಂದು ಬಿಳಿ ಹಾಳೆ ಮತ್ತು ಪೆನ್ನು ಹತ್ತಿರವಿರಲಿ. ಸಂಬಳದ ಖಾತೆಯನ್ನು ಮುಚ್ಚಬೇಡಿ. ಯುಪಿಐ ಹಳೆಯ ಖಾತೆಗೇ ಜೋಡಣೆಯಾಗಿರಲಿ. ಆಪತ್ಕಾಲದ ಹಣ ಚಹಾ ಅಂಗಡಿಯ ಕ್ಯೂಆರ್ ಕೋಡಿಗೆ ಸಿಗದಂತೆ ಇರುವುದು ಒಳ್ಳೆಯದು. ನಾಮನಿರ್ದೇಶನವನ್ನು ‘ಆಮೇಲೆ’ ಎಂದು ಬಿಡದೆ ಅಂದೇ ಮಾಡಿ. 2025ರ ನವೆಂಬರ್ 1ರಿಂದ ನಾಲ್ವರನ್ನು ಹೆಸರಿಸಲು ಅವಕಾಶವಿದೆ.

ಉಳಿತಾಯ ಖಾತೆಯ ದರ ಎಫ್‌ಡಿಯಂತೆ ಅವಧಿಗೆ ಕಟ್ಟಿಹಾಕಿದ್ದಲ್ಲ, ಬ್ಯಾಂಕು ಯಾವಾಗ ಬೇಕಾದರೂ ಬದಲಿಸಬಹುದು. 2025ರ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ 6.5ರಿಂದ ಶೇ 5.25ಕ್ಕೆ ಇಳಿಸಿತು, ಬ್ಯಾಂಕುಗಳು ಉಳಿತಾಯ ಖಾತೆಯ ದರ ಇಳಿಸಿದ್ದು ಆ ಅವಧಿಯಲ್ಲೇ. ಆದ್ದರಿಂದ ರೆಪೊ ದರ ಬದಲಾದ ಸುದ್ದಿ ಬಂದಾಗಲೆಲ್ಲ ನಿಮ್ಮ ಬ್ಯಾಂಕಿನ ದರದ ಪುಟವನ್ನು ಒಮ್ಮೆ ನೋಡಿ, ನಿಮ್ಮ ಮೊತ್ತಕ್ಕೆ ಲೆಕ್ಕವನ್ನು ಹೊಸದಾಗಿ ಹಾಕಿ. ವ್ಯತ್ಯಾಸ ಒಂದೆರಡು ನೂರು ರೂಪಾಯಿಯಾದರೆ ಖಾತೆಯನ್ನು ಬದಲಿಸಲು ಹೋಗಬೇಡಿ.

ಆಪತ್ಕಾಲದ ಖಾತೆಯನ್ನು ಮುಟ್ಟದೆ ಬಿಡುವುದರಲ್ಲಿ ಒಂದು ಅಪಾಯವಿದೆ. ಎರಡು ವರ್ಷ ನೀವಾಗಿ ಯಾವ ವ್ಯವಹಾರವನ್ನೂ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ಬ್ಯಾಂಕು ಜಮಾ ಮಾಡುವ ಬಡ್ಡಿ ನಿಮ್ಮ ವ್ಯವಹಾರವೆನಿಸುವುದಿಲ್ಲ. ನಿಷ್ಕ್ರಿಯವಾದರೂ ಬಡ್ಡಿ ಬರುತ್ತಲೇ ಇರುತ್ತದೆ, ಆದರೆ ಹಣ ತುರ್ತಾಗಿ ಬೇಕಾದ ದಿನ ಮೊದಲು ಕೆವೈಸಿ ಕಾಗದಗಳನ್ನು ಹಿಡಿದು ಅದನ್ನು ಮತ್ತೆ ಚಾಲನೆಗೆ ತರಬೇಕಾಗುತ್ತದೆ. ಹತ್ತು ವರ್ಷ ಕಳೆದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು. ಹೀಗೆ ಉಳಿದುಹೋದ ಹಣವನ್ನು ಹುಡುಕಲೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಉದ್ಗಮ್ ಎಂಬ ಜಾಲತಾಣವನ್ನೂ ಆರಂಭಿಸಿದೆ. ವರ್ಷಕ್ಕೊಮ್ಮೆ ಸಂಬಳದ ಖಾತೆಯಿಂದ ಈ ಖಾತೆಗೆ 500 ರೂಪಾಯಿ ವರ್ಗಾಯಿಸಿದರೆ ಈ ಯಾವ ಓಡಾಟವೂ ಬೇಕಾಗುವುದಿಲ್ಲ.